ಮೊದಲ ಗ್ಲಾಸು ತೆಂಗಿನ ಬುಡಕ್ಕೆ

ಕಲ್ಯಾಣಪುರದಲ್ಲಿ ಬಾವಿಯಿಂದ ಕಳ್ಳು ಎತ್ತುತ್ತಿದ್ದವರು ನಮ್ಮ ನೆರೆಯ ಪಸ್ಕಾಲ ಪೊರ್ಬುಗಳು ಒಬ್ಬರೇ. ಹಡಗಿನ ಬಾರಿನಲ್ಲಿ ಇಪ್ಪತ್ತು ವರ್ಷ ಬಿಯರ್ ಹಂಚಿ ಊರಿಗೆ ಮರಳುವಾಗ ಒಂದು ಹಿತ್ತಾಳೆಯ ಕೈಪಂಪನ್ನೂ ಉದ್ದದ ರಬ್ಬರ್ ನಳಿಗೆಯನ್ನೂ ತಂದಿದ್ದರು. ಪಾನನಿಷೇಧ ಹೋದ ಹೊಸತು. ಪಕ್ಕದೂರು ಕೆಮ್ಮಣ್ಣಿನ ದೂಮಣ್ಣ ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳನ್ನು ಪೀಪಾಯಿಗೆ ತುಂಬಿಸಿ, ಹಗ್ಗ ಕಟ್ಟಿ, ಬಾವಿಯ ತಂಪಿಗೆ ಇಳಿಬಿಡುತ್ತಿದ್ದರು. ಕಟ್ಟೆಯ ಮೇಲೆ ಪಂಪು, ಅದರಿಂದ ಪೀಪಾಯಿಗೆ ನಳಿಗೆ. ಹಿಡಿ ಎಳೆದರೆ ಗ್ಲಾಸಿಗೆ ನೊರೆ.

ಮೊದಲ ಗ್ಲಾಸನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. "ಅದು ನಳಿಗೆಯಲ್ಲಿ ನಿಂತದ್ದು ಮಾರಾಯ. ಪೀಪಾಯಿ ಎಷ್ಟು ತಣ್ಣಗಿದ್ದರೆ ಎಂತ, ನಳಿಗೆ ಕೊಳಕಾದರೆ ಎಲ್ಲ ಹೋಯಿತು." ಪೀಪಾಯಿ ಖಾಲಿಯಾದ ಕೂಡಲೇ ಸೋಡಾ ಪುಡಿ ಹಾಕಿದ ಕುದಿನೀರು, ಆಮೇಲೆ ಬರೀ ಬಿಸಿನೀರು ಹಾಯಿಸಿ, ನಳಿಗೆಯ ತುದಿಯನ್ನು ಮಗುವಿನ ತಲೆ ಮೂಸಿದ ಹಾಗೆ ಮೂಸುತ್ತಿದ್ದರು.

ಅವರ ಮಗಳ ರೋಸ್ ಬಂತು. ರೋಸ್ ಎಂದರೆ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಹಿಂದಿನ ಸಂಜೆ ಪೊರ್ಬುಗಳಿಗೆ ನೂರು ಗಡಿಬಿಡಿ. ಎರಡು ದಿನದಿಂದ ಚಪ್ಪರದವರಿಗೆ ಕಳ್ಳು ಹಂಚಿದ್ದ ನಳಿಗೆಯನ್ನು ತೋರಿಸಿ, "ಇದನ್ನು ನೀನು ತೊಳಿ" ಎಂದರು. ನಾನೋ ಹುಟ್ಟಾ ಆತಂಕದವನು. ನಾಳೆ ಹಗ್ಗ ಕಡಿದರೆ? ಪೀಪಾಯಿ ಬಾವಿಗೆ ಬಿದ್ದರೆ? ಹಗ್ಗದ ಗಂಟನ್ನೇ ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಅಷ್ಟರಲ್ಲಿ ಒಲೆಗಳೆಲ್ಲ ಅಡಿಗೆಯವರ ಕೈಸೇರಿದ್ದವು. ಎರಡು ಕೊಡ ತಣ್ಣೀರು ಹಾಯಿಸಿ ಬಂದೆ. ಮೂಸಲಿಲ್ಲ. ಮೂಸಿದರೆ ಮತ್ತೆ ತೊಳೆಯಬೇಕಾದೀತೆಂಬ ಭಯ.

ಮರುದಿನ ಕಾರ್ಕಳದ ಅವರ ಭಾವ ಮೊದಲ ಗುಟುಕನ್ನೇ ಉಗುಳಿದರು. "ಎಂತ ಪಸ್ಕಾಲ, ಕೊಟ್ಟಿಗೆಯಿಂದ ಕನೆಕ್ಷನ್ ಉಂಟಾ ಇದಕ್ಕೆ?" ಇಡೀ ಚಪ್ಪರ ನಕ್ಕಿತು.

ಪೊರ್ಬುಗಳು ನನ್ನ ಕಡೆ ತಿರುಗಿದರು. "ನೀನು ಬಿಸಿನೀರು ಹಾಯಿಸಿದ್ದೆ ಅಲ್ವಾ?"

"ಮೂರು ಸಲ" ಎಂದೆ. ಎಷ್ಟು ಸಲ ಎಂದು ಅವರು ಕೇಳಿರಲಿಲ್ಲ, ನಾನೇ ಸೇರಿಸಿದ್ದು.

ಹಾಗಾದರೆ ಉಳಿದವರು ದೂಮಣ್ಣ. "ಹಳೆಯದನ್ನು ಬೆರೆಸಿದೆಯಾ ದೂಮ? ನನ್ನ ಮಗಳ ರೋಸಿಗೆ?"

"ಬೆಳಿಗ್ಗೆ ಇಳಿಸಿದ್ದು ಪೊರ್ಬುಗಳೇ. ಒಂದು ತೊಟ್ಟು ಹಳೆಯದಿಲ್ಲ." ಅಷ್ಟು ಹೇಳಿ, ತಲೆಯ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ದೂಮಣ್ಣ ಹೊರಟರು. ನನಗೆ ಊಟ ಸೇರಿತೆಂದು ಬರೆಯಲು ನಾಚಿಕೆಯಾಗುತ್ತದೆ. ಎರಡು ಸಲ ಬಡಿಸಿಕೊಂಡೆ.

ಮದುವೆ ಮುಗಿದ ಮೇಲೆ ಪೊರ್ಬುಗಳು ನಳಿಗೆ ಬಿಚ್ಚಿದರು. ಒಳಗಿಂದ ಲೋಳೆ ಬಂತು. ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೆ. ಅವರು ನನ್ನನ್ನು ಕರೆಯಲಿಲ್ಲ. ಅಂಗಿ ಹಾಕಿಕೊಂಡು ಕೆಮ್ಮಣ್ಣಿಗೆ ನಡೆದರು. ದೂಮಣ್ಣ ಎದುರುಗೊಂಡು ಬೆಲ್ಲ ನೀರು ಕೊಟ್ಟರಂತೆ, ಕ್ಷಮೆಯನ್ನೂ ಕೇಳಿಸಿಕೊಂಡರಂತೆ. ಕಳ್ಳು ಮಾತ್ರ ಮತ್ತೆ ತರಲಿಲ್ಲ. ಅಲ್ಲಿಂದ ಮುಂದೆ ಪಂಪು ಬಾವಿಯ ನೀರೆತ್ತಲಷ್ಟೇ ಉಳಿಯಿತು.

ಪೊರ್ಬುಗಳನ್ನು ಕೊನೆಯ ಸಲ ಕಂಡದ್ದು ನನಗೆ ಕಾಪುವಿಗೆ ವರ್ಗವಾದಾಗ. ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ದಾರಿಯುದ್ದ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಪಂಪಿನ ಹಿಡಿ ಎಳೆದರು. ಮೊದಲ ಗ್ಲಾಸು ತೆಂಗಿನ ಬುಡಕ್ಕೆ. ಎರಡನೆಯದನ್ನು ನನ್ನ ಕೈಗಿಟ್ಟರು. ಬರೀ ಬಾವಿ ನೀರು.

"ಕುಡಿ ಮಾರಾಯ, ಹೆದರಬೇಡ. ನಾನೇ ತೊಳೆದದ್ದು."

ಕುಡಿದೆ. "ತಣ್ಣಗೆ ಉಂಟು" ಎಂದೆ. ಅಷ್ಟೇ ಹೇಳಿ ಬಂದೆ.