ಕಾಂಡ್ಲಾ ಕೋಡಿನ ಗಂಟು

ಆಗ ನಾವು ಹೈದರಾಬಾದಿಗೆ ಹೊಸಬರು. ದಿಲ್‌ಸುಖ್‌ನಗರದ ಬಾಡಿಗೆ ಮನೆಯೆದುರು ಹುಡುಗಿಯರು ತೊಕ್ಕುಡು ಬಿಳ್ಳ ಆಡುತ್ತಿದ್ದರು. ನಮ್ಮ ಕುಂಟಾಬಿಲ್ಲೆಯೇ ಅದು. ಆದರೆ ತೆಲುಗು ಬಾರದ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಒಂಬತ್ತು ವರ್ಷದ ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ, ಅಷ್ಟೆ.

ಆ ಮಳೆಗಾಲ ಕುಮಟಾ ಕಡೆಯ ನಮ್ಮೂರಿಂದ ಅಜ್ಜಿ ಕಣ್ಣಿನ ಆಪರೇಷನ್ನಿಗೆ ಬಂದಳು. ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಕಾಂಡ್ಲಾ ಕೋಡುಗಳ ಗಂಟು. ಕಾಂಡ್ಲಾ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರ; ನುಗ್ಗೆಕಾಯಿಯಂಥ ಅದರ ಕೋಡನ್ನು ಕೆಸರಿಗೆ ಚುಚ್ಚಿದರೆ ಸಾಕು, ಗಿಡವಾಗುತ್ತದೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರ ಹೆಂಗಸರು ಕಟ್ಟೆಯುದ್ದಕ್ಕೂ ಅದನ್ನು ನೆಡುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಪಾಲು.

"ಕಾಂಡ್ಲಾಕ್ಕೂ ಚಾರ್‌ಮಿನಾರ್ ತೋರಿಸ್ತ್ಯನೇ, ಅವ್ವಾ?" ಎಂದು ಅಪ್ಪ ನಕ್ಕ.

"ನಗಬೇಡ. ನನ್ನ ಪಾಲಿಗೆ ಬಂದದ್ದು ಕಟ್ಟೆಯ ತಿರುವು. ನೀರು ಕೊರೆಯೂದೇ ಅಲ್ಲಿ. ಆರಿಸಿಟ್ಟ ಕೋಡಿಗೆ ಅಲ್ಲಿ ನೀರು ಹಾಕೂವರಿಲ್ಲ. ಹೋದ ಕೂಡ್ಲೆ ನೆಡಬೇಕು."

ಆಪರೇಷನ್ ಆಯಿತು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಗೋಣಿಗೆ ನೀರು ಚಿಮುಕಿಸುವ ಕೆಲಸ ನನ್ನದಾಯಿತು. ಬಚ್ಚಲೆಲ್ಲ ಹೊಳೆದಂಡೆಯ ಕೆಸರಿನ ವಾಸನೆ. ಅಜ್ಜಿ ಸೀಗಡಿ ಚಟ್ನಿ ಕಲಸಿ ಗಂಜಿ ಉಣ್ಣಿಸುತ್ತಿದ್ದಳು, ಕನ್ನಡದಲ್ಲಿ ಬೈಯುತ್ತಿದ್ದಳು. ಎಷ್ಟು ಸುಖ! ಭಾನುವಾರ ಅವಳು ಹೊರಡುವುದೆಂದಾಯಿತು. ಕೊನೆಯ ಮೂರು ದಿನ ಹಣ್ಣಾದ ಕೋಡನ್ನು ಮುಟ್ಟಿಯೇ ಗುರುತಿಸುವುದನ್ನು ಕಲಿಸುತ್ತೇನೆಂದಿದ್ದಳು.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ. ಕೋಡು ಇಲ್ಲದಿದ್ದರೆ ಅಜ್ಜಿಗೆ ಹೋಗುವ ಅವಸರವೇ ಇಲ್ಲ. ಮಳೆ ಬಿಡುವು ಕೊಟ್ಟಿತ್ತು. ಯಾರಿಗೂ ಹೇಳದೆ ಕೋಡುಗಳನ್ನು ತಾರಸಿಯ ಮೇಲೆ ಒಯ್ದು ಎರಡು ದಿನ ಬಿಸಿಲಿಗೆ ಹರವಿಟ್ಟೆ.

ಗುರುವಾರ ಸಂಜೆ ಅಜ್ಜಿ ಗಂಟನ್ನು ಕೇಳಿದಳು. ತಂದುಕೊಟ್ಟೆ. ಕರೀ ಕನ್ನಡಕ ಹಾಕಿಕೊಂಡೇ ಒಂದೊಂದನ್ನೂ ಬೆರಳಲ್ಲಿ ಸವರಿದಳು. ಎಲ್ಲವೂ ಸುಕ್ಕುಗಟ್ಟಿದ್ದವು.

"ನೀರು ಹಾಕ್ಲಿಲ್ಲ್ಯ, ತಂಗಿ?"

"ಬಿಸಿಲಿಗೆ ಇಟ್ಟೆ. ನೀ ಹೋಗಬಾರದು ಅಂತ."

ಅಜ್ಜಿ ಬೈಯಲಿಲ್ಲ. ನನ್ನ ತಲೆ ನೇವರಿಸಿ ಅಪ್ಪನನ್ನು ಕೂಗಿದಳು. "ನಾಳೆ ಬೆಳಿಗ್ಗೆಯೇ ಬಸ್ಸು ಹತ್ತಿಸು. ಮರದಲ್ಲಿ ಕೋಡು ಉದುರಿ ಮುಗಿಯೂದ್ರೊಳಗೆ ಬೇರೆ ಆರಿಸ್ಬೇಕು."

ಶುಕ್ರವಾರ ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕನ್ನಡದಲ್ಲಿ ಬೈಯಲಿಲ್ಲ.

ಅಜ್ಜಿ ಮತ್ತೆಂದೂ ಹೈದರಾಬಾದಿಗೆ ಬರಲಿಲ್ಲ. ಈಗ ಅವಳೇ ಇಲ್ಲ. ಕಟ್ಟೆಯ ಆ ತಿರುವು ನನ್ನ ಪಾಲಿಗೆ ಬಂದಿದೆ. ಪ್ರತಿ ಮಳೆಗಾಲ ಊರ ಹೆಂಗಸರು ಫೋನು ಮಾಡಿ, "ಈ ಸಲ ಬರ್ತ್ಯನೇ, ತಂಗಿ?" ಎನ್ನುತ್ತಾರೆ. ರಜೆ ಇಲ್ಲ ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಹಣ್ಣಾದ ಕೋಡು ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಅದನ್ನು ಕಲಿಸಲು ಅಜ್ಜಿ ಮೂರು ದಿನ ಇಟ್ಟುಕೊಂಡಿದ್ದಳು.