ಬಾಗಿಲ ಹಿಂದಿನ ಓಟು

ಹಂಗಳದಾಚೆಯ ನಮ್ಮೂರಿನ ಶಾಂತಮಲ್ಲಮ್ಮ ಹೋದ ವಾರ ತೀರಿಕೊಂಡಳು. ನಮ್ಮ ಹಾಲಿನ ಸೊಸೈಟಿಯ ಮಾಲೀಕರಲ್ಲಿ ಅವಳೊಬ್ಬಳು. ಷೇರು ಪಡೆದು ಹಾಲು ಹಾಕುವವರೆಲ್ಲ ಅಲ್ಲಿ ಮಾಲೀಕರೇ. ಅವಳಿಗಿದ್ದದ್ದು ಒಂದು ಹಸು. ನಾನು ಕಾರ್ಯದರ್ಶಿ, ಅಂದರೆ ಆ ಮಾಲೀಕರೆಲ್ಲರ ಸಂಬಳದಾಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳನ್ನು ನೋಡುತ್ತಿದ್ದೆ. ಈಗ ನೋಡುವುದಿಲ್ಲ.

ಒಂದು ವರ್ಷ ಸರ್ವಸದಸ್ಯರ ಸಭೆಗೆ ಸೊಸೈಟಿಯಲ್ಲಿ ಸಂಜೆಯ ಹಾಲು ಕೊಳ್ಳುವುದನ್ನು ನಿಲ್ಲಿಸುವ ವಿಷಯ ಬಂತು. ಹೆಚ್ಚು ಹಸುಗಳಿದ್ದವರು ಸಂಜೆಯ ಹಾಲನ್ನು ಬಂಡೀಪುರದ ದಾರಿಯ ಹೋಟೆಲುಗಳಿಗೆ ಬೈಕಿನಲ್ಲಿ ಕಳಿಸುತ್ತಿದ್ದರು. ಸೊಸೈಟಿ ಸಂಜೆ ಬಾಗಿಲು ತೆರೆಯುವುದು ಅವರಿಗೆ ದಂಡದ ಖರ್ಚೆನಿಸಿತು. ಶಾಂತಮಲ್ಲಮ್ಮನಿಗೆ ಬೈಕೂ ಇರಲಿಲ್ಲ, ಹೋಟೆಲಿನವರ ಪರಿಚಯವೂ ಇರಲಿಲ್ಲ. ಸಂಜೆಯದು ನಿಂತರೆ ಅವಳು ಹಸು ಮಾರಬೇಕಿತ್ತು.

ನಮ್ಮಲ್ಲಿ ಎಷ್ಟು ಹಸುವಿದ್ದರೂ ಓಟು ಒಂದೇ. ಎರಡೂ ಕಡೆ ಸಮವಾದರೆ ಮಾತ್ರ ಅಧ್ಯಕ್ಷರಿಗೆ ಇನ್ನೊಂದು. ಅಧ್ಯಕ್ಷರು ಶಿವಮಲ್ಲಪ್ಪ, ಶಾಂತಮಲ್ಲಮ್ಮನ ಗಂಡನ ಅಣ್ಣ. ಸಂಜೆಯದು ಬೇಡವೆನ್ನುವವರಲ್ಲಿ ಅವರೇ ಮೊದಲಿಗರು. ಅವರ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವಂತಿಲ್ಲ, ಅವರೊಡನೆ ಮಾತಾಡುವಂತಿಲ್ಲ. ಹೀಗಾಗಿ ಅವಳು ಪ್ರತಿ ಸಭೆಗೂ ಬಂದು, ಬಾಗಿಲ ಹಿಂದೆ ನಿಂತು, ಓಟು ಹಾಕದೆಯೇ ಮನೆಗೆ ಹೋಗುತ್ತಿದ್ದಳು.

ಕೈ ಎತ್ತಿಸಿ ಎಣಿಸಿದೆ. ಬೇಕು, ಬೇಡ, ಎರಡೂ ಸಮ. ಶಿವಮಲ್ಲಪ್ಪನವರು ಎರಡನೆಯ ಓಟಿಗೆಂದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬಾಗಿಲ ಮರೆಯಿಂದ ಬಳೆ ತೊಟ್ಟ ಕೈಯೊಂದು ಒಳಗೆ ಬಂದು ಮೇಲೆದ್ದಿತು.

“ಅದ್ಯಾರ್ದು ಕೈ?” ಎಂದರು ಶಿವಮಲ್ಲಪ್ಪ.

“ಮೆಂಬರ್ದು,” ಎಂದೆ.

“ಬರೀ ಕೈಗೆ ಓಟಿಲ್ಲ ಕಣಮ್ಮ. ಆಳು ಒಳಕ್ ಬರ್ಬೇಕು.”

ಮುಂದೆ ಕೂತಿದ್ದ ಕರಿಬಸಮ್ಮ ಬಾಗಿಲ ಕಡೆ ತಿರುಗಿ, “ಬಾ ಕಣವ್ವ, ನಿಮ್ ಭಾವ್ನೋರೇ ಕರೀತಾವ್ರೆ!” ಎಂದಳು.

ಸೆರಗು ತಲೆ ಮೇಲೆಳೆದುಕೊಂಡು ಶಾಂತಮಲ್ಲಮ್ಮ ಒಳಗೆ ಬಂದಳು. ಭಾವನಿಗೆ ಬೆನ್ನು ಹಾಕಿ, ಗೋಡೆಯ ಮೇಲಿನ ಕಾಲುಬಾಯಿ ಜ್ವರದ ಚಿತ್ರಪಟಕ್ಕೆ ಮುಖ ಮಾಡಿ ನಿಂತು ಕೈ ಎತ್ತಿದಳು.

“ಸಂಜೆ ಆಲು ಇರ್ಲಿ ಅಂತ ಯೋಳು ಶಶಿರೇಖಾ. ನಾನೇನೂ ಅವ್ರ್ ಎದುರ್ಗೆ ನಿಂತಿಲ್ಲ, ಬೆನ್ನಾಕೊಂಡ್ ನಿಂತಿವ್ನಿ ಅಂತ್ಲೂ ಯೋಳು.”

ಮಾರು ದೂರದಲ್ಲಿದ್ದ ಅಧ್ಯಕ್ಷರಿಗೆ ಎರಡನ್ನೂ ಹೇಳಿದೆ.

“ಕೇಳುಸ್ತು. ಬರ್ಕೊ,” ಎಂದರು.

ಸಂಜೆಯ ಹಾಲು ಉಳಿಯಿತು. ಮಾರನೆಯ ಸಂಜೆ ಸಾಲಿನಲ್ಲಿ ಅವಳೇ ಮೊದಲು. ಅವಳ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟೆ, ಗಟ್ಟಿ ಹಾಲಿಗೆ ಬರಬೇಕಾದಷ್ಟು ಡಿಗ್ರಿ ಬರಲಿಲ್ಲ. ತೆಳು ಹಾಲು ತೆಗೆದುಕೊಳ್ಳಬಾರದೆಂಬುದು ಮಾಲೀಕರೇ ಮಾಡಿದ ನಿಯಮ.

“ವಾಪಸ್ ತಕ್ಕೊಂಡೋಗು,” ಎಂದೆ.

“ನಾನು ಓನರ್ ಕಣಮ್ಮಿ!”

“ಓನರೇ. ಮುಂದಿನೋರು ಬರ್ಲಿ, ಜರುಗು.”

“ಅಷ್ಟ್ ಜನದ್ ಮುಂದೆ ಕೈ ಎತ್ತಿ ಗೆದ್ದಿವ್ನಿ. ಈ ಅಸ ನನ್ ಮರ್ವಾದೆ ಕಳೀತಲ್ಲ,” ಎಂದು ನಗುತ್ತ ಕ್ಯಾನು ಎತ್ತಿಕೊಂಡು ಹೋದಳು. ಮರುದಿನ ಸಂಜೆ ಮತ್ತೆ ತಂದಳು, ಡಿಗ್ರಿ ಬಂತು. ಅಲ್ಲಿಂದ ಹೋದ ವಾರದವರೆಗೂ ತಂದಳು.