ಅತ್ತೆಮ್ಮನ ಭಾನುವಾರಗಳು

ನಮ್ಮತ್ತೆ ನಡುಮನೆಯ ಹೊಸ್ತಿಲ ಪಕ್ಕ ಗೋಡೆಗೊರಗಿ ಕೂತು, ಎರಡೂ ಕಾಲನ್ನು ಬಾಗಿಲಿಗೆ ಅಡ್ಡವಾಗಿ ಚಾಚಿಬಿಡುತ್ತಿದ್ದರು. ಹಿಮ್ಮಡಿ ಬಿರುಕು ಬಿಟ್ಟು ಬೇಸಿಗೆಯ ಕೆರೆಯಂಗಳದ ಹಾಗಿತ್ತು. ಒಳಗೆ ಬಂದವರು ಹೊರಗೆ ಹೋಗಬೇಕಾದರೆ ಆ ಕಾಲು ದಾಟಬೇಕು. ಹಿರಿಯರ ಕಾಲು ದಾಟುವ ಧೈರ್ಯ ಯಾರಿಗಿದೆ? ಹಾಗಾಗಿ ಚೂರು ಉಪ್ಪು ಕೇಳಲು ಬಂದವಳೂ ಕೂರುತ್ತಿದ್ದಳು. ಕೂತ ಮೇಲೆ ಉಣ್ಣುತ್ತಿದ್ದಳು. ಬೇಯಿಸಿ ಹಾಕುವವಳು ನಾನು.

ನನ್ನ ತವರು ಬಂಗಾರಪೇಟೆ. ನಮ್ಮಪ್ಪ ರೈಲ್ವೆಯಲ್ಲಿದ್ದವರು. ನಮ್ಮ ಮನೆಗೆ ನೆಂಟರು ಬರುವುದೂ ರೈಲಿನ ಹಾಗೇ, ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೊರಡುತ್ತಿದ್ದರು. ಅವರು ಬರುವಷ್ಟರಲ್ಲಿ ಚಾಪೆ ಹಾಸಿ, ಚೆಂಬು ಬೆಳಗಿ, ಎಲೆ ಒರೆಸಿಟ್ಟು ಎಲ್ಲ ಅಣಿಯಾಗಿರುತ್ತಿತ್ತು. ಅಂಥ ಮನೆಯಿಂದ ಮದುವೆಯಾಗಿ ಚಿನ್ನದ ಗಣಿಯ ಉರಿಗಾಮಿಗೆ, ಕೆಲಸಗಾರರ ಸಾಲುಮನೆಗಳ ಲೈನಿಗೆ ಬಂದೆ. ನಮ್ಮವರು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅತ್ತೆ ಕಾಮಸಮುದ್ರದ ಕಡೆಯ ಒಕ್ಕಲು ಮನೆಯವರು. ಊರಿಂದ ಆಸ್ಪತ್ರೆಗೆ ಬಂದವರು, ಸಂತೆಗೆ ಬಂದವರು, ಕೆಲಸ ಹುಡುಕಿಕೊಂಡು ಬಂದವರು, ಎಲ್ಲರಿಗೂ ನಮ್ಮದೇ ಛತ್ರ. ಭಾನುವಾರವಂತೂ ಇಡೀ ಲೈನೇ ನಮ್ಮ ನಡುಮನೆಯಲ್ಲಿ.

ಬರಲಿ, ಬೇಡವೆನ್ನಲಿಲ್ಲ. ಆದರೆ ಏನಾದರೂ ತಯಾರಿ ಬೇಡವೇ? ಬಂದವರಿಗೆ ಅತ್ತೆ ನೀರು ಕೂಡ ಕೊಡುತ್ತಿರಲಿಲ್ಲ. "ಗಡಿಗೆ ಅಲ್ಲೈತೆ, ಮೊಗ್ಕೊಂಡು ಕುಡಿ" ಅನ್ನುತ್ತಿದ್ದರು. ಅವರೆಕಾಯಿ ಕಾಲ ಬಂತೆಂದರೆ ಇನ್ನೂ ವಿಪರೀತ. ನೆನೆಸಿದ ಕಾಳಿನ ಬೋಗುಣಿಯನ್ನು ನಡುವೆ ಇಟ್ಟು, ಬಂದವರನ್ನೆಲ್ಲ ಸುತ್ತ ಕೂರಿಸಿ ಸಿಪ್ಪೆ ಹಿತುಕಿಸುತ್ತಿದ್ದರು. ಬೇಳೆಯಾದ ಮೇಲೆ ಅಡುಗೆ, ಅಡುಗೆಯಾದ ಮೇಲೆ ಊಟ. ಮೂರು ಗಂಟೆಯಾದರೂ ಯಾರೂ ಹಸಿವೆನ್ನುತ್ತಿರಲಿಲ್ಲ. ಒಂದು ಕಡೆ ತಮಿಳು, ಒಂದು ಕಡೆ ತೆಲುಗು, ನಗು, ಕೂಗಾಟ. ಪಕ್ಕದ ಮನೆಯ ತಮಿಳು ಹೆಂಗಸಂತೂ ನನ್ನ ಅಡುಗೆಮನೆಗೇ ನುಗ್ಗಿ ನನ್ನ ಸಾರಿಗೆ ತನ್ನ ಕೈಯಾರೆ ಹುಣಸೆಹಣ್ಣು ಕಿವುಚುತ್ತಿದ್ದಳು.

ನನ್ನ ತಾಳ್ಮೆ ಪೂರ್ತಿ ಕೆಟ್ಟಿದ್ದು ದೊರೆ ಬಂದ ದಿನ.

ದೊರೆ ಅಂದರೆ ನಮ್ಮವರ ಮೇಲಿನ ಫೋರ್‌ಮನ್, ಆಂಗ್ಲೋ ಇಂಡಿಯನ್ನರು. ನಮ್ಮವರಿಗೆ ಮೇಸ್ತ್ರಿ ಕೆಲಸ ಆಗುವುದೂ ಬಿಡುವುದೂ ಅವರ ಕೈಯಲ್ಲಿತ್ತು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕ ಅವರನ್ನು ಅತ್ತೆ, ಮಗನನ್ನೂ ಕೇಳದೆ, ನನಗೂ ಹೇಳದೆ ಊಟಕ್ಕೆ ಕರೆದಿದ್ದರು. ಗೊತ್ತಾದದ್ದು ಶನಿವಾರ ಸಂಜೆ. ನಾನು ಓಡಾಡಿ ಒಬ್ಬರ ಮನೆಯಿಂದ ಕುರ್ಚಿ, ಇನ್ನೊಬ್ಬರ ಮನೆಯಿಂದ ಪಿಂಗಾಣಿ ತಟ್ಟೆ ತಂದೆ. ಬೆಳಿಗ್ಗೆ ಬೇಗ ಎದ್ದು ಅನ್ನ, ಪಲ್ಯ, ಪಾಯಸ ಮಾಡಿಟ್ಟೆ. "ಅತ್ತೆಮ್ಮಾ, ಇವತ್ತೊಂದು ದಿನ ಆ ಬೋಗುಣಿ ಹೊರಗೆ ತರಬೇಡಿ" ಅಂತ ಕೈಮುಗಿದೆ. "ಆಗ್ಲಿ ಬಿಡಮ್ಮಣ್ಣಿ" ಅಂದರು.

ದೊರೆ ಬಂದರು. ಹ್ಯಾಟು ತೆಗೆದು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತರು. ನಮ್ಮವರು ಗೋಡೆಗೆ ಅಂಟಿಕೊಂಡು ನಿಂತರು. ಅತ್ತೆ ಗೋಡೆಗೊರಗಿ ಕೂತಲ್ಲಿಂದಲೇ ತಲೆಯೆತ್ತಿ ನೋಡಿದರು.

"ಅಷ್ಟೆತ್ತರದಾಗೆ ಕೂತ್ರೆ ನಿನ್ನ ಮಾತು ನಂಗೆಂಗೆ ಕೇಳ್ತದೆ ಸ್ವಾಮಿ? ಕೆಳಿಕ್ಕೆ ಬಾ."

ದೊರೆಗೆ ಕನ್ನಡ ಅಷ್ಟಕ್ಕಷ್ಟೇ, ತಮಿಳು ಸಲೀಸು. ಆದರೂ ಅರ್ಥವಾಯಿತು. ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ನಾನು ನೋಡದವಳ ಹಾಗೆ ಮುಖ ತಿರುಗಿಸಿದೆ. ಅತ್ತೆ ಬಿಡಬೇಕಲ್ಲ!

"ಏನ್ ಸ್ವಾಮಿ, ನಿಮ್ಮನೇಲಿ ಸೂಜಿ ಇಲ್ವಾ?"

ನಮ್ಮವರ ಮುಖ ಬಿಳಿಚಿಕೊಂಡಿತು. ದೊರೆ ಬೆರಳನ್ನೇ ನೋಡಿಕೊಂಡು, "ಸೂಜಿ ಇದೆ. ಹೊಲಿಯುವವಳು ಹೋದ ವರ್ಷ ತೀರಿಕೊಂಡಳು" ಅಂತ ತಮಿಳಿನಲ್ಲಿ ಹೇಳಿದರು.

ಅತ್ತೆ ಎದ್ದು ಹೋಗಿ ಬೋಗುಣಿ ತಂದು ಅವರ ಮುಂದೆ ಇಟ್ಟರು! ಕಾಳು ಹಿಡಿದು ಒತ್ತುವುದು ಹೇಗೆಂದು ತೋರಿಸಿದರು. ದೊರೆ ಒತ್ತಿದ ಮೊದಲ ಕಾಳು ಹಾರಿಬಂದು ನನ್ನ ಹಣೆಗೆ ಬಡಿಯಿತು. ಅವರು ಹೆದರಿ ಕ್ಷಮೆ ಕೇಳುವಷ್ಟರಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆಮೇಲೆ ಅವರೂ ನಕ್ಕರು. ಬೋಗುಣಿ ಖಾಲಿಯಾಗುವಷ್ಟರಲ್ಲಿ ಅವರ ಹೆಂಡತಿಯ ಕತೆಯೆಲ್ಲ ಹೊರಗೆ ಬಂದಿತ್ತು. ನನ್ನ ಪಾಯಸ ಕೆನೆಗಟ್ಟಿ ಕೂತಿತ್ತು. ಅವರು ಉಂಡಿದ್ದು ಮುದ್ದೆ, ಹಿತಕಿದ ಬೇಳೆ ಸಾರು, "ಅಗಿಬ್ಯಾಡ, ನುಂಗು ಸ್ವಾಮಿ" ಅಂತ ಅತ್ತೆಯಿಂದ ಪಾಠ ಹೇಳಿಸಿಕೊಂಡು.

ಅವರು ಹೋದ ಮೇಲೆ ನಾನು ಅತ್ತೆಗೆ ಎದುರು ಮಾತಾಡಿದೆ. "ನನ್ನ ಮರ್ಯಾದೆಯೆಲ್ಲ ತೆಗೆದಿರಿ. ಎಲ್ಲ ಮಾಡಿಟ್ಟಿದ್ದೆನಲ್ಲ!"

"ಎಲ್ಲಾ ನೀನೇ ಮಾಡಿಕ್ಕಿದ್ರೆ ಬಂದೋರು ಏನ್ಮಾಡ್ಬೇಕಮ್ಮಣ್ಣಿ? ನಮ್ ಮಕ ನೋಡ್ಕೊಂಡು ಕೂತಿರ್ಬೇಕಾ?"

ನಾನು ಕೆನೆಗಟ್ಟಿದ ಪಾಯಸವನ್ನು ಮತ್ತೆ ಒಲೆಯ ಮೇಲಿಟ್ಟೆ.

ಮೇಸ್ತ್ರಿ ಕೆಲಸ ಬೇರೆಯವನಿಗೆ ಸಿಕ್ಕಿತು. ನಮಗೆ ಸಿಕ್ಕಿದ್ದು ದೊರೆ. ಪ್ರತಿ ಭಾನುವಾರ ಬರತೊಡಗಿದರು.

ಎರಡನೇ ಮಹಾಯುದ್ಧ ಬಂದು ಅಕ್ಕಿ ಸೀಮೆಎಣ್ಣೆಗೆಲ್ಲ ತತ್ವಾರವಾದಾಗ, ಇನ್ನಾದರೂ ಈ ಜಾತ್ರೆ ನಿಲ್ಲುತ್ತದೆ ಅಂದುಕೊಂಡೆ. ಅತ್ತೆ ಲೈನಿನ ಉದ್ದಕ್ಕೂ ನಡೆದು ಮನೆಮನೆಗೆ ಹೇಳಿ ಬಂದರು: "ಬರೋವಾಗ ನಿಮ್ ನಿಮ್ ಇಟ್ಟು ತಕ್ಕೊಂಬರ್ರಿ. ಕೂಡಿ ಉಣ್ಣಾನ." ಊಟಕ್ಕೆ ಕರೆದು ಹಿಟ್ಟು ತನ್ನಿ ಎನ್ನುವವರನ್ನು ಎಲ್ಲಾದರೂ ಕಂಡಿದ್ದೀರಾ? ನಾಚಿಕೆಯಿಂದ ನನಗೆ ಬೀದಿಗೆ ಮುಖ ತೋರಿಸಲಾಗಲಿಲ್ಲ. ಅವರೆಲ್ಲ ಸೆರಗಿನಲ್ಲಿ, ಡಬ್ಬಿಯಲ್ಲಿ ಹಿಟ್ಟು ಹಿಡಿದುಕೊಂಡು ನಗುನಗುತ್ತಾ ಬಂದರು. ಆ ವರ್ಷ ನನಗೆ ಬಾಣಂತಿ ಸನ್ನಿ ಹಿಡಿದು ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ, ನನ್ನ ಮಗುವಿಗೆ ತನ್ನ ಮಗುವಿನ ಜೊತೆ ಹಾಲು ಕುಡಿಸಿ ಉಳಿಸಿದ್ದು ಅದೇ ಹುಣಸೆಹಣ್ಣಿನವಳು. ಅದಾದ ಮೇಲೂ ಅವಳು ಅಡುಗೆಮನೆಗೆ ನುಗ್ಗಿದರೆ ನನಗೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಬಾಯಿ ಬಿಡುತ್ತಿರಲಿಲ್ಲ.

ಯುದ್ಧ ಮುಗಿದ ಚಳಿಗಾಲದಲ್ಲಿ ಅತ್ತೆ ಮಲಗಿದರು. ಎದೆಯಲ್ಲಿ ಕಫ ಕಟ್ಟಿ ಉಸಿರಾಡುವುದೇ ಕಷ್ಟವಾಗಿತ್ತು. ಇನ್ನು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿಹೋದರು. ಗದ್ದಲ ಬೇಡವೆಂದು ನಾನು ಒಳಕೋಣೆಯಲ್ಲಿ ಹಾಸಿಗೆ ಹಾಕಿದರೆ, ಹಟ ಹಿಡಿದು ನಡುಮನೆಗೇ ಹಾಕಿಸಿಕೊಂಡರು.

ಅದೊಂದು ಭಾನುವಾರ ಮಧ್ಯಾಹ್ನ ಎಲ್ಲ ಬಂದಿದ್ದರು. ದೊರೆ ಹ್ಯಾಟು ಕೈಯಲ್ಲಿ ಹಿಡಿದು ಕಂಬದ ಹತ್ತಿರ ಕೂತಿದ್ದರು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಅತ್ತೆ ಕಣ್ಣು ಬಿಟ್ಟು ಒಂದು ಸುತ್ತು ನೋಡಿದರು.

"ಏನ್ರೇ ಇದು, ಸತ್ತೋರ ಮನೆ ಇದ್ದಂಗೈತೆ. ಯಾರಾನ ಏನಾನ ಮಾತಾಡ್ರೇ."

ಪಕ್ಕದ ಮನೆಯವಳು ಕಣ್ಣೊರೆಸಿಕೊಂಡು ಶುರು ಮಾಡಿದಳು. ಅವಳ ಗಂಡ ಕತ್ತಲೆ ಶಿಫ್ಟಿಗೆ ಹೋಗುವಾಗ ಕತ್ತೆಯನ್ನು ದೆವ್ವವೆಂದು ತಿಳಿದು, ಅದರ ಮುಂದೆ ಅಡ್ಡಬಿದ್ದು, ತಾನು ಮಾಡಿದ ತಪ್ಪನ್ನೆಲ್ಲ ಒಪ್ಪಿಕೊಂಡ ಕತೆ. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

ನಾನು ಅಡುಗೆಮನೆಯಲ್ಲಿ ತುಳಸಿ ನೀರು ಸಿದ್ಧ ಮಾಡುತ್ತಿದ್ದೆ. ಈ ಹೊತ್ತಿನಲ್ಲಿ ನಗುವೇ ಎಂದು ಮೈಯೆಲ್ಲ ಉರಿಯಿತು. ಗದರಬೇಕೆಂದೇ ಲೋಟ ಹಿಡಿದು ಹೊರಗೆ ಬಂದೆ. ಅತ್ತೆಯ ತಲೆಯ ಹತ್ತಿರ ಕೂತು ಬಾಯಿಗೆ ನೀರು ಬಿಡಲು ಬಗ್ಗಿದೆ. ಉಸಿರಿರಲಿಲ್ಲ. ನಗುವಿನ ನಡುವೆ ಯಾವಾಗಲೋ ಹೊರಟುಹೋಗಿದ್ದರು. ಯಾರಿಗೂ ಗೊತ್ತಾಗಿರಲಿಲ್ಲ.

ಪಕ್ಕದ ಮನೆಯವಳು ಇನ್ನೂ ಹೇಳುತ್ತಿದ್ದಳು, ಕತ್ತೆ ಅರಚುವಲ್ಲಿಗೆ ಬಂದಿದ್ದಳು. ದೊರೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಾನು ತೆರೆದ ಬಾಯಿ ಮುಚ್ಚಿದೆ. ಲೋಟ ಕೆಳಗಿಟ್ಟು, ಅತ್ತೆಯ ಕೈ ಹಿಡಿದುಕೊಂಡು, ಆ ಕತೆ ಮುಗಿಯುವವರೆಗೂ ಕಾದೆ.